ಮುಳುಗಿದ ಹಡಗು, ಉಳಿದ ನಂಟು

1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಹೊಡೆದ ಟಾರ್ಪಿಡೊಗೆ ಭಾರತದ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಹಡಗಿನೊಂದಿಗೇ ಹೋದರು. ಹಡಗು ಬಿಡದೆ ಪ್ರಾಣ ಕೊಟ್ಟ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮಹಾವೀರ ಚಕ್ರ ಸಂದಿತು, ಅವರ ಹೆಸರು ದೇಶದ ನಾಲಿಗೆಯ ಮೇಲೆ ನಿಂತಿತು. ಉಳಿದವರ ಹೆಸರು ಹೆಚ್ಚಾಗಿ ಅವರವರ ಮನೆಯಲ್ಲೇ ಉಳಿಯಿತು. ದಿಯುವಿನ ಸ್ಮಾರಕದಲ್ಲಿ, ಕಡಲಿಗೆ ಮುಖ ಮಾಡಿದ ದಿಬ್ಬದ ಮೇಲೆ, ಗಾಜಿನೊಳಗೆ ಖುಕ್ರಿಯ ಪುಟ್ಟ ಪ್ರತಿಕೃತಿಯೊಂದಿದೆ. ನಿಜವಾದ ಹಡಗು ಇಂದಿಗೂ ಕಡಲ ತಳದಲ್ಲಿದೆ. ಹಾಗಾಗಿ ಮಡಿದವರ ಕುಟುಂಬಗಳ ಪಾಲಿಗೆ ಕುರುಹು ಎಂದರೆ ಹಡಗಿನಿಂದ ಕಿತ್ತು ತಂದ ವಸ್ತುವಲ್ಲ. ಹಡಗು ಮುಳುಗುವ ಮೊದಲೇ ಮನೆ ಸೇರಿದ್ದ ಕಾಗದ, ರಜೆಯಲ್ಲಿ ತೆಗೆಸಿದ ಫೋಟೊ. ನೌಕಾ ಕುಟುಂಬದ ನಂಟು ಕಬ್ಬಿಣಕ್ಕಿಂತ ಹೆಸರಿಗೂ ಮನುಷ್ಯನಿಗೂ ಅಂಟಿಕೊಂಡದ್ದು ಎನ್ನಲು ಇದೇ ಆಧಾರ.

ಕಬ್ಬಿಣಕ್ಕೂ ಬೆಲೆಯಿಲ್ಲವೇ ಎಂದು ಕೇಳಬಹುದು. ವಿಮಾನವಾಹಕ ನೌಕೆ ವಿಕ್ರಾಂತ್ ಕಥೆ ನೋಡಿ. 1961ರಲ್ಲಿ ನೌಕಾಪಡೆ ಸೇರಿ, 1997ರಲ್ಲಿ ನಿವೃತ್ತವಾಗಿ, ಮುಂಬೈಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದ ಆ ಹಡಗನ್ನು 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಮಾರಲಾಯಿತು. ಅದರ ಉಕ್ಕನ್ನು ಬೆರೆಸಿ ಬಜಾಜ್ ಕಂಪನಿ 2016ರಲ್ಲಿ ಬೈಕ್ ತಂದಿತು. ಯುದ್ಧನೌಕೆಯ ಚೂರೊಂದು ತಮ್ಮ ಬಾಗಿಲಿಗೂ ಬಂತೆಂದು ಹೆಮ್ಮೆಪಟ್ಟವರನ್ನು ಗೇಲಿ ಮಾಡಬೇಕಿಲ್ಲ. ಆದರೆ ಕರಗಿಸಿದ ಉಕ್ಕಿಗೆ ಯಾವ ಡೆಕ್ಕು, ಯಾರ ಕೈಕೆಲಸ ಎಂಬ ಗುರುತಿರದು; ಅದು ಸಾರ್ವಜನಿಕ ಅಭಿಮಾನ, ಕುಟುಂಬದ ನಂಟಲ್ಲ. ಅತ್ತ ನೌಕಾಪಡೆ ಮಾಡಿದ್ದೇನು? 1989ರಲ್ಲಿ ಸೇವೆಗೆ ಸೇರಿಸಿಕೊಂಡ ಹೊಸ ಹಡಗೊಂದಕ್ಕೆ ಖುಕ್ರಿ ಎಂದೇ ಹೆಸರಿಟ್ಟಿತು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ರೂಢಿಯೇ ಇದು. 2021ರಲ್ಲಿ ನಿವೃತ್ತವಾದ ಈ ಎರಡನೇ ಖುಕ್ರಿಯನ್ನು ಮರುವರ್ಷ ವಸ್ತುಸಂಗ್ರಹಾಲಯಕ್ಕೆಂದು ದಿಯು ಆಡಳಿತಕ್ಕೇ ಒಪ್ಪಿಸಲಾಯಿತು. ಅದರ ಒಂದು ಮೊಳೆಯೂ ಹಳೆಯ ಖುಕ್ರಿಯದಲ್ಲ, ಆದರೂ ಅದು ಬೇರೆಲ್ಲಿಗೂ ಹೋಗುವಂತಿರಲಿಲ್ಲ.

ಮನೆಯ ಕುರುಹನ್ನು ಇತಿಹಾಸವೆಂದು ನಂಬಬಹುದೇ ಎಂಬ ತಕರಾರು ಇದಕ್ಕಿಂತ ಗಟ್ಟಿಯದು. ಮನೆಮಾತು ಬೆಳೆಯುತ್ತದೆ, ಅಡುಗೆ ಕೋಣೆಯಲ್ಲಿ ದುಡಿದವನನ್ನು ಮೂರನೇ ತಲೆಮಾರು ತೋಪಿನ ಹಿಂದೆ ನಿಲ್ಲಿಸುವುದುಂಟು. ಅದನ್ನು ಸೇವಾ ದಾಖಲೆಯೊಂದಿಗೆ ತಾಳೆ ನೋಡಲೇಬೇಕು. ಆದರೆ ಆ ದಾಖಲೆ ಹುದ್ದೆ, ದಿನಾಂಕ ಹೇಳೀತೇ ಹೊರತು ಹಡಗಿನ ಊಟ, ಸೆಕೆ, ಊರಿನ ಸಾಲದ ಚಿಂತೆಯನ್ನಲ್ಲ. ಅವು ಕಾಗದದಲ್ಲಿ ಮಾತ್ರ ಸಿಗುತ್ತವೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಕ್ಷಿಪಣಿ ದೋಣಿ ಚಪಲ್‌ನ ಒಳಹೊಕ್ಕು ನೋಡಿದರೆ ಜಾಗ ಎಷ್ಟು ಇಕ್ಕಟ್ಟು ಎಂದು ತಿಳಿದೀತು. ಅಲ್ಲಿ ಬದುಕಿದವರು ಏನು ಯೋಚಿಸುತ್ತಿದ್ದರೆಂದು ತಿಳಿಯದು. ನಿಮ್ಮ ಮನೆಯಲ್ಲೂ ಸಮವಸ್ತ್ರದ ಹಳೆಯ ಫೋಟೊ ಇದ್ದರೆ, ಗುರುತು ಹೇಳುವವರು ಇರುವಾಗಲೇ ಅದರ ಹಿಂದೆ ಹೆಸರು, ಹಡಗು, ಇಸವಿ ಬರೆದಿಡಿ.