ರೇಷ್ಮೆ ಗೂಡಿನ ಬೆಲೆ ಮತ್ತು ನಮ್ಮೂರ ಉದ್ಯೋಗಗಳು

ಜಾಗತೀಕರಣ 1991ರಲ್ಲಿ ಆರಂಭವಾಯಿತು ಎಂದು ನಾವೆಲ್ಲ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೇ. ದೇಶದ ಆರ್ಥಿಕ ನೀತಿಯ ಮಟ್ಟಿಗೆ ಅದು ಸರಿಯಾದ ಉತ್ತರ. ಆದರೆ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ನೂಲು ಬಿಚ್ಚಿ ಬದುಕಿದ ರಾಮನಗರ ಸೀಮೆಯ ನಮ್ಮಂಥ ಊರುಗಳಿಗೆ ಹೊರದೇಶದ ಬೆಲೆಯ ಬಿಸಿ ಅದಕ್ಕಿಂತ ಸುಮಾರು ಅರವತ್ತು ವರ್ಷ ಮೊದಲೇ ತಟ್ಟಿತ್ತು.

ರೇಷ್ಮೆ ಮೊದಲಿನಿಂದಲೂ ಹೊರಗಿನ ನಂಟಿನ ಕಸುಬು. ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿದ. ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಬೆಂಗಳೂರಿನಲ್ಲಿ ಇಂದಿಗೂ ಉಳಿದಿದೆ, ಹುಳುವೊಂದು ಅಲ್ಲಿಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ಕಾರ್ಖಾನೆಗೆ ಮಗ್ಗಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ.

1930ರ ಸುಮಾರಿಗೆ ಜಗತ್ತಿನ ಆರ್ಥಿಕ ಕುಸಿತದ ಜೊತೆಗೆ ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ ನಮ್ಮ ಮಾರುಕಟ್ಟೆಗೆ ನುಗ್ಗಿತು. ಮೈಸೂರು ಸಂಸ್ಥಾನದ ರೈತರು ಹಿಪ್ಪುನೇರಳೆ ಗಿಡ ಕಿತ್ತು ಬೇರೆ ಬೆಳೆ ಹಾಕತೊಡಗಿದರು. ಸುಂಕ ಮಂಡಳಿಯ ವಿಚಾರಣೆ ನಡೆದು, 1934ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಆಮದು ರೇಷ್ಮೆಯ ಮೇಲೆ ರಕ್ಷಣಾ ಸುಂಕ ಹೇರಿತು. ಆಮೇಲೆ ಎರಡನೇ ಮಹಾಯುದ್ಧ ಬಂತು. ಜಪಾನಿನ ರೇಷ್ಮೆ ನಿಂತಿತು, ಪ್ಯಾರಾಚೂಟಿಗೆ ನಮ್ಮ ನೂಲು ಬೇಕಾಯಿತು, ಬೆಲೆ ಏರಿತು. ಎಲ್ಲಿಯೋ ನಡೆದ ಯುದ್ಧದಿಂದ ನಮ್ಮ ಸೀಮೆಯ ಒಲೆ ಉರಿಯಿತು ಎಂದರೆ ಕೇಳಲು ಹಿತವಲ್ಲ, ಆದರೆ ನಡೆದದ್ದು ಹಾಗೆಯೇ.

ಸ್ವಾತಂತ್ರ್ಯದ ನಂತರದ ನಾಲ್ಕು ದಶಕ ಆಮದಿಗೆ ಕಟ್ಟುಪಾಡಿತ್ತು. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿನಲ್ಲೇ ಮಾರಬೇಕೆಂಬ ಕಾನೂನು ಬಂತು. ದಲ್ಲಾಳಿಯ ಕಾಟ ತಗ್ಗಿತು. ನಮ್ಮ ಶಾಲೆ ಆರಂಭವಾದದ್ದು ಈ ಕಾಲದಲ್ಲಿ. ಮೊದಲ ತಂಡಗಳ ಅನೇಕ ಹಿರಿಯರ ಶಾಲಾ ಖರ್ಚು ಗೂಡು ಮಾರಿದ ಹಣದಿಂದ ಹುಟ್ಟಿದ್ದು. ಹುಳು ನಾಲ್ಕನೇ ಜ್ವರಕ್ಕೆ ಕೂತು ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಬೇಕು, ಆಗ ಹಾಜರಿ ಕಡಿಮೆಯಾಗುತ್ತಿತ್ತೆಂದು ನಮ್ಮ ಗುರುಗಳು ನಗುತ್ತಾ ಹೇಳುವುದುಂಟು.

2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯನಾಯಿತು. ಅದೇ ವರ್ಷ ಭಾರತವೂ ಆಮದಿನ ಪ್ರಮಾಣದ ಮೇಲಿದ್ದ ಉಳಿದ ನಿರ್ಬಂಧಗಳನ್ನು ತೆಗೆಯಿತು. ಚೀನಾದ ನೂಲು ಅಗ್ಗ ಮಾತ್ರವಲ್ಲ, ಬಿಳಿ, ಒಂದೇ ದಪ್ಪ, ಕಡಿಯುವುದು ಕಡಿಮೆ. ವಿದ್ಯುತ್ ಮಗ್ಗದವರಿಗೆ ಹಾಸಿಗೆ ಅದೇ ಬೇಕು. ನಮ್ಮ ಚರಕದ ನೂಲು ಹೊಕ್ಕಿಗಷ್ಟೇ ಸರಿ ಎಂಬ ಮಾತು ಹಬ್ಬಿತು. 2003ರಲ್ಲಿ ಸರ್ಕಾರ ಚೀನಾದ ರೇಷ್ಮೆಯ ಮೇಲೆ ಆಂಟಿ ಡಂಪಿಂಗ್ ಸುಂಕ ಹಾಕಿತು. ಅದರ ಹೊತ್ತಿಗೆ ಹಲವು ಚರಕಗಳ ಒಲೆ ಆರಿತ್ತು. ನನ್ನ ತರಗತಿಯ ಇಬ್ಬರು, ನೂಲು ಬಿಚ್ಚುವ ಮನೆಯವರು, ಹತ್ತನೇ ತರಗತಿ ಮುಗಿಸಲಿಲ್ಲ.

2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿದು ರಾಮನಗರದಲ್ಲಿ ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ. 15 ಆಯಿತು. ಸುಂಕ ಇಳಿಸಿದ್ದು ಯಾರೋ ಕೆಟ್ಟವರು ಎಂದು ನಾನು ಹೇಳಲಾರೆ. ಬನಾರಸಿನ ನೇಕಾರನಿಗೆ ಅಗ್ಗದ ನೂಲು ಬೇಕು, ಅವನಿಗೂ ಮಕ್ಕಳಿದ್ದಾರೆ. ನಮ್ಮ ರೈತನ ರಕ್ಷಣೆ ಅವನ ಕೈ ಕಟ್ಟುತ್ತದೆ.

ಈಗ ನನ್ನ ಮಾತು. ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಗಿರಾಕಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಚೀನಾದ ನೂಲು ಒಳಬಂದ ಬಾಗಿಲಿನಿಂದಲೇ ನನ್ನ ಸಂಬಳವೂ ಬಂದಿದೆ. ದೇಶದ ಒಟ್ಟು ಲೆಕ್ಕದಲ್ಲಿ ಒಂದು ಹೋಗಿ ಒಂದು ಬಂತು ಎನ್ನುತ್ತಾರೆ. ಆದರೆ ಚರಕ ಬಿಟ್ಟವರು ಯಾರೂ ನನ್ನ ಪಕ್ಕದ ಕುರ್ಚಿಗೆ ಬರಲಿಲ್ಲ. ನನಗೆ ಬಿ.ಇ. ಓದಿಸಲು ಮನೆಯಲ್ಲಿ ಶಕ್ತಿಯಿತ್ತು, ಅವರಿಗಿರಲಿಲ್ಲ. ಹೋದ ಕೆಲಸವನ್ನು ದೊಡ್ಡದು ಮಾಡಿ ಹೇಳುವುದೂ ಬೇಡ: ಕುದಿಯುವ ನೀರಿನಲ್ಲಿ ದಿನವಿಡೀ ಬೆರಳಿಟ್ಟು ಗೂಡಿನ ಎಳೆ ಹುಡುಕುವವರ ಕೈ ನೋಡಿದವರಿಗೆ ಅದು ಗೊತ್ತು. ಅಂಥ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಈಗ ಬೆಳಗಾಗುವ ಮೊದಲೇ ಗಾರ್ಮೆಂಟ್ಸ್ ವ್ಯಾನ್ ಹತ್ತುತ್ತಾರೆ. ಅವರು ಹೊಲಿಯುವ ಅಂಗಿಗಳೂ ಹೊರದೇಶಕ್ಕೇ ಹೋಗುತ್ತವೆ.

ಉಳಿದುಕೊಂಡವರು ಹೇಗೆ ಉಳಿದರು? ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನ ಯೋಜನೆಯ ಕಾಲದಲ್ಲಿ ರೂಪಿಸಿದ ಬೈವೋಲ್ಟೈನ್ ತಳಿಗಳು ಹಾಗೂ ವಿ-1 ಹಿಪ್ಪುನೇರಳೆ ರೈತರ ಕೈ ಹಿಡಿದವು. ಹಳದಿ ಗೂಡಿನ ಪಕ್ಕ ಬಿಳಿ ಗೂಡೂ ಬಂತು. ಅದನ್ನು ಬಿಚ್ಚಲು ಸ್ವಯಂಚಾಲಿತ ಯಂತ್ರಗಳು ಬಂದವು. ಅವುಗಳಲ್ಲಿ ಅನೇಕವು ಚೀನಾದವೇ. ಒಳ್ಳೆಯ ನೂಲು ಬರುತ್ತದೆ, ಆದರೆ ಚರಕಗಳಿಗೆ ಬೇಕಿದ್ದಷ್ಟು ಜನ ಬೇಡ.

ಈ ಸಂಪುಟದ ಸಂಪಾದಕರಲ್ಲೂ ಮುಖ್ಯೋಪಾಧ್ಯಾಯರಲ್ಲೂ ಒಂದು ವಿನಂತಿ. ನಮ್ಮ ದಾಖಲಾತಿ ಪುಸ್ತಕದಲ್ಲಿ ಪೋಷಕರ ಉದ್ಯೋಗದ ಕಲಂ ಇದೆ. ಐವತ್ತು ವರ್ಷಗಳ ಆ ಕಲಮನ್ನು, ಹೆಸರುಗಳನ್ನು ಬಿಟ್ಟು, ವರ್ಷವಾರು ಎಣಿಸಿ ಇಡಬಹುದು. ಹಾಳೆಗಳು ಈಗಾಗಲೇ ಮಾಸುತ್ತಿವೆ. ಎಣಿಕೆಗೆ ಬೇಕಾದ ಕಂಪ್ಯೂಟರ್ ಕೆಲಸ ನಾನು ಮಾಡಿಕೊಡುತ್ತೇನೆ. ಹಳೆಯ ಕೈಬರಹ ಓದಬಲ್ಲ ಒಬ್ಬಿಬ್ಬರು ಹಿರಿಯರು ಜೊತೆಗೆ ಕೂರಬೇಕು.