ಹಬ್ಬವೂ ಪಾಠವೇ ಆಗಿದ್ದ ಶಾಲೆ

ಶಾಲೆಯ ಸಮಾರಂಭವೆಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಶಾಮಿಯಾನ, ಧ್ವನಿವರ್ಧಕ, ಬಾಡಿಗೆಗೆ ತಂದ ವೇಷಭೂಷಣ, ಮುಖ್ಯ ಅತಿಥಿಗಳ ಉದ್ದನೆಯ ಭಾಷಣ. ಅದು ಮುಗಿದ ಮರುದಿನ ಪಾಠ ಮತ್ತೆ ಶುರುವಾಗುತ್ತದೆ. ಸಂಭ್ರಮ ಬೇರೆ, ಕಲಿಕೆ ಬೇರೆ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಇವೆರಡರ ನಡುವೆ ಗೋಡೆಯನ್ನೇ ಎಬ್ಬಿಸದ ಒಂದು ಪ್ರಾಥಮಿಕ ಶಾಲೆ ದಿಲ್ಲಿಯಲ್ಲಿತ್ತು. ಅದನ್ನು ಬೆಳೆಸಿದವರು ಕೈಯಲ್ಲಿ ಕಾಸಿಲ್ಲದ ಕೆಲವು ಅಧ್ಯಾಪಕರು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಎಂದಾಗ ಇಂದು ನಮಗೆ ನೆನಪಾಗುವುದು ಒಂದು ದೊಡ್ಡ ವಿಶ್ವವಿದ್ಯಾಲಯ. ಅದರ ಜೀವ ಒಂದು ಕಾಲದಲ್ಲಿ ಪುಟ್ಟ ಮಕ್ಕಳ ಶಾಲೆಯಲ್ಲಿತ್ತು ಎಂಬುದನ್ನು ನಾವು ಮರೆತಿದ್ದೇವೆ.

ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಕಾವಿನಲ್ಲಿ, ಸರಕಾರದ ನೆರವು ಪಡೆಯುತ್ತಿದ್ದ ಅಲೀಗಢ ಕಾಲೇಜನ್ನು ತೊರೆದು ಬಂದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಂದ 1920ರ ಅಕ್ಟೋಬರ್ 29ರಂದು ಜಾಮಿಯಾ ಹುಟ್ಟಿತು. ಶೈಖುಲ್ ಹಿಂದ್ ಮೌಲಾನಾ ಮಹ್ಮೂದ್ ಹಸನ್ ಅದರ ಸ್ಥಾಪನೆಯನ್ನು ನೆರವೇರಿಸಿದರು. ಹಕೀಮ್ ಅಜ್ಮಲ್ ಖಾನ್ ಮೊದಲ ಕುಲಾಧಿಪತಿ, ಮೌಲಾನಾ ಮುಹಮ್ಮದ್ ಅಲಿ ಮೊದಲ ಕುಲಪತಿ. ಖಿಲಾಫತ್ ಚಳವಳಿ ತಣ್ಣಗಾದಂತೆ ಬರುತ್ತಿದ್ದ ಹಣವೂ ನಿಂತುಹೋಯಿತು. ಜಾಮಿಯಾ ಉಳಿಯುವುದಾದರೆ ಭಿಕ್ಷಾಪಾತ್ರೆ ಹಿಡಿಯಲೂ ಸಿದ್ಧ ಎಂದರು ಗಾಂಧೀಜಿ. 1925ರಲ್ಲಿ ಸಂಸ್ಥೆ ದಿಲ್ಲಿಯ ಕರೋಲ್‌ಬಾಗ್‌ಗೆ ಬಂತು. ಮರುವರ್ಷ ಜರ್ಮನಿಯಿಂದ ಮೂವರು ಯುವಕರು ಮರಳಿದರು: ಝಾಕಿರ್ ಹುಸೇನ್, ಆಬಿದ್ ಹುಸೇನ್, ಮುಹಮ್ಮದ್ ಮುಜೀಬ್. ದೊಡ್ಡ ಸಂಬಳದ ನೌಕರಿ ಹಿಡಿಯಬಹುದಾಗಿದ್ದವರು ಇವರು. 1928ರಲ್ಲಿ ಇವರೂ ಇವರ ಸಂಗಾತಿಗಳೂ ಒಂದು ಪ್ರತಿಜ್ಞೆ ಮಾಡಿದರು. ಇಪ್ಪತ್ತು ವರ್ಷ ಜಾಮಿಯಾದ ಸೇವೆ ಮಾಡುತ್ತೇವೆ. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಕೇಳುವುದಿಲ್ಲ. ಆ ಹಣವಾದರೂ ಸಮಯಕ್ಕೆ ಸರಿಯಾಗಿ ಕೈಸೇರುತ್ತಿರಲಿಲ್ಲ.

29ನೇ ವಯಸ್ಸಿಗೆ ಜಾಮಿಯಾದ ಹೊಣೆ ಹೊತ್ತ ಝಾಕಿರ್ ಸಾಹೇಬರು ಮಕ್ಕಳ ಶಾಲೆಗೆ ವಿಶೇಷ ಗಮನ ಕೊಟ್ಟರು. ಪುಸ್ತಕದ ಅಕ್ಷರವಷ್ಟೇ ಅಲ್ಲ, ಕೈಯಿಂದ ಮಾಡುವ ಕೆಲಸವೂ ಮನಸ್ಸನ್ನು ರೂಪಿಸುತ್ತದೆ ಎಂಬ ಜರ್ಮನ್ ಶಿಕ್ಷಣತಜ್ಞ ಕೆರ್ಶನ್‌ಸ್ಟೈನರ್ ಅವರ ವಿಚಾರ ಅವರ ಮೇಲೆ ಗಾಢ ಪ್ರಭಾವ ಬೀರಿತ್ತು. ಅದನ್ನು ತರಗತಿಯೊಳಗೆ ತಂದವರು ಅಬ್ದುಲ್ ಗಫ್ಫಾರ್ ಮುಧೋಲಿ ಎಂಬ ಶಿಕ್ಷಕರು. ಅಮೆರಿಕದ ಮಿಶನರಿಗಳು ಪಂಜಾಬಿನ ಮೋಗಾದಲ್ಲಿ ನಡೆಸುತ್ತಿದ್ದ ಶಾಲೆಗೆ ಹೋಗಿ ಅವರು ಪ್ರಾಜೆಕ್ಟ್ ಪದ್ಧತಿಯನ್ನು ಕಲಿತು ಬಂದರು. ಕ್ರೈಸ್ತ ಮಿಶನರಿಗಳ ಶಾಲೆಯಿಂದ ಕಲಿಯುವುದಕ್ಕೆ ಇಸ್ಲಾಮಿಯಾ ಎಂಬ ಹೆಸರು ಹೊತ್ತ ಸಂಸ್ಥೆಗೆ ಸಂಕೋಚವಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಜಾಮಿಯಾದ ಮಕ್ಕಳಿಗೆ ತಮ್ಮದೇ ಬ್ಯಾಂಕು ಇತ್ತು, ತಮ್ಮದೇ ಅಂಗಡಿ ಇತ್ತು, ಕೈತೋಟವಿತ್ತು. ಬ್ಯಾಂಕು ಇದ್ದ ಮೇಲೆ ಕೂಡುವ, ಕಳೆಯುವ ಲೆಕ್ಕ ಬರಲೇಬೇಕು. ಅಂಗಡಿ ನಡೆಸುವವನಿಗೆ ತೂಕ, ಅಳತೆ, ಲಾಭ, ನಷ್ಟ ತಿಳಿಯಲೇಬೇಕು. ಲೆಕ್ಕ ತಪ್ಪಿದರೆ ಅದು ಬರೀ ಕೆಂಪು ಶಾಯಿಯ ಗುರುತಾಗಿ ಉಳಿಯುತ್ತಿರಲಿಲ್ಲ. ಇನ್ನೊಬ್ಬ ಗೆಳೆಯನ ಕಾಸು ಕಳೆದುಹೋಗುತ್ತಿತ್ತು. ಪ್ರಾಮಾಣಿಕತೆಯ ಪಾಠಕ್ಕೆ ಬೇರೆ ಪುಸ್ತಕ ಬೇಕಿರಲಿಲ್ಲ.

ಹಬ್ಬಗಳೂ ಹೀಗೆಯೇ. ಅಕ್ಟೋಬರ್ 29ರ ಸ್ಥಾಪನಾ ದಿನ ಜಾಮಿಯಾಕ್ಕೆ ದೊಡ್ಡ ಹಬ್ಬ. ಆಗ ನಡೆಯುವ ತಾಲೀಮಿ ಮೇಳದಲ್ಲಿ ಮಕ್ಕಳು ತಾವು ಮಾಡಿದ ವಸ್ತುಗಳನ್ನು ಊರವರ ಮುಂದಿಡುತ್ತಿದ್ದರು, ನಾಟಕವಾಡುತ್ತಿದ್ದರು. ಬಂದವರಿಗೆ ವಿವರಿಸುವುದು, ಬರೆಯುವುದು, ಎಣಿಸುವುದು ಎಲ್ಲವೂ ಆ ಸಂಭ್ರಮದ ಭಾಗ. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಶಾಲಾ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಕಲ್ಲಿಟ್ಟವರು ನವಾಬರೂ ಅಲ್ಲ, ರಾಜಕೀಯ ನಾಯಕರೂ ಅಲ್ಲ. ಜಾಮಿಯಾದ ಅತ್ಯಂತ ಕಿರಿಯ ವಿದ್ಯಾರ್ಥಿ, ಅಬ್ದುಲ್ ಅಝೀಝ್ ಎಂಬ ಬಾಲಕ. ಶಾಲೆ ಯಾರದೆಂದು ತಿಳಿಸಲು ಇದಕ್ಕಿಂತ ಸ್ಪಷ್ಟವಾದ ಭಾಷಣ ಬೇಕೆ?

ಈ ಮಕ್ಕಳ ನಡುವೆ ಒಬ್ಬ ಯಹೂದಿ ಮಹಿಳೆಯೂ ಇದ್ದರು. ಬರ್ಲಿನ್‌ನಲ್ಲಿ ಝಾಕಿರ್ ಹುಸೇನರಿಗೆ ಪರಿಚಿತರಾಗಿದ್ದ ಗೆರ್ಡಾ ಫಿಲಿಪ್ಸ್‌ಬಾರ್ನ್ 1930ರ ದಶಕದ ಆರಂಭದಲ್ಲಿ ಜಾಮಿಯಾಕ್ಕೆ ಬಂದು ಪುಟಾಣಿಗಳ ಆರೈಕೆಗೆ ನಿಂತರು. ಎಲ್ಲರಿಗೂ ಅವರು 'ಆಪಾ ಜಾನ್'. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅವರನ್ನು ಶತ್ರುದೇಶದವರೆಂದು ಬಂಧನ ಶಿಬಿರದಲ್ಲಿಟ್ಟರು. 1943ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಜಾಮಿಯಾದ ಖಬರಸ್ಥಾನದಲ್ಲಿಯೇ. ಜಾಮಿಯಾದ ಶಿಶುಪಾಲನಾ ಕೇಂದ್ರ ಅವರ ಹೆಸರನ್ನು ಹೊತ್ತಿದೆ.

ಮಕ್ಕಳ ಸಂತೋಷವನ್ನು ಈ ಜನ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಝಾಕಿರ್ ಸಾಹೇಬರ ಜೀವನಚರಿತ್ರೆಗಳಲ್ಲಿ ಬರುವ ಒಂದು ಘಟನೆ ಸಾಕು. ಪ್ರಾಥಮಿಕ ಶಾಲೆಯಲ್ಲಿ ಪರೀಕ್ಷೆ ಪಾಸಾದ ಮಕ್ಕಳಿಗೆ ಅವರು ಮಿಠಾಯಿ ಹಂಚುತ್ತಿದ್ದರು. ಜವಾನನೊಬ್ಬ ಬಂದು ಕಿವಿಯಲ್ಲಿ ಏನೋ ಹೇಳಿದ. ಅವರ ಪುಟ್ಟ ಮಗಳು ರೆಹಾನಾ ತೀರಿಕೊಂಡಿದ್ದಳು. ಅವರ ಮುಖ ಬಿಳಿಚಿತು, ಕೈ ಮಾತ್ರ ನಿಲ್ಲಲಿಲ್ಲ. ಮಕ್ಕಳು ಅಷ್ಟೊಂದು ಖುಷಿಯಲ್ಲಿದ್ದರು, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ ಎಂದು ಆಮೇಲೆ ಹೇಳಿದರಂತೆ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ, ಮೂಲಶಿಕ್ಷಣದ ಯೋಜನೆ ರೂಪಿಸುವ ಸಮಿತಿಗೆ ಝಾಕಿರ್ ಹುಸೇನರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಕಸುಬಿನ ಮೂಲಕ ಶಿಕ್ಷಣ ಎಂಬ ಆ ಯೋಜನೆ ಸುಲಭವಾಗಿ ಒಪ್ಪಿತವಾಗಲಿಲ್ಲ. ಅದರಲ್ಲಿ ಧಾರ್ಮಿಕ ಶಿಕ್ಷಣಕ್ಕೆ ಸ್ಥಾನವಿಲ್ಲ ಎಂದು ಮುಸ್ಲಿಮರಲ್ಲಿ ಅನೇಕರು ವಿರೋಧಿಸಿದರು. ಮುಸ್ಲಿಮ್ ಲೀಗ್ ಕಟುವಾಗಿ ಟೀಕಿಸಿತು. ಇನ್ನೊಂದೆಡೆ, ಚರಕ ತಿರುಗಿಸಿದರೆ ಶಿಕ್ಷಣ ಮುಗಿಯಿತು ಎಂದುಕೊಂಡವರೂ ಇದ್ದರು. ಇವರಿಗೆ ಝಾಕಿರ್ ಸಾಹೇಬರ ಉತ್ತರ ಸ್ಪಷ್ಟವಾಗಿತ್ತು. ಎಲ್ಲ ಕೆಲಸವೂ ಶಿಕ್ಷಣವಲ್ಲ. ಏನು ಮಾಡಬೇಕೆಂದು ಮೊದಲು ಯೋಚಿಸಬೇಕು, ಹೇಗೆಂದು ಯೋಜಿಸಬೇಕು, ಮಾಡಬೇಕು, ಕೊನೆಗೆ ಮಾಡಿದ್ದನ್ನು ತಾನೇ ಒರೆಗೆ ಹಚ್ಚಬೇಕು. ಅದೂ ಬರೀ ತನ್ನ ಲಾಭಕ್ಕಾಗಿ ಆಗಿರಬಾರದು.

1946ರ ನವೆಂಬರ್‌ನಲ್ಲಿ ಜಾಮಿಯಾ ತನ್ನ ಬೆಳ್ಳಿಹಬ್ಬ ಆಚರಿಸಿತು. ದೇಶ ಕೋಮುದ್ವೇಷದಲ್ಲಿ ಬೇಯುತ್ತಿತ್ತು. ಆದರೂ ನೆಹರೂ ಮತ್ತು ಜಿನ್ನಾ ಒಂದೇ ವೇದಿಕೆಯಲ್ಲಿ ಕುಳಿತರು. ಈ ಬೆಂಕಿಯನ್ನು ಆರಿಸಿ ಎಂದು ಝಾಕಿರ್ ಸಾಹೇಬರು ನಾಯಕರನ್ನು ಬೇಡಿಕೊಂಡರು. ಬೆಂಕಿ ಆರಲಿಲ್ಲ. ಮರುವರ್ಷದ ಗಲಭೆಯಲ್ಲಿ ಜಾಮಿಯಾದ ಪ್ರಕಾಶನ ಸಂಸ್ಥೆಯ ಪುಸ್ತಕಗಳು ಕರೋಲ್‌ಬಾಗ್‌ನಲ್ಲಿ ಸುಟ್ಟುಹೋದವು. ಝಾಕಿರ್ ಹುಸೇನರೇ ಜಲಂಧರ್ ರೈಲು ನಿಲ್ದಾಣದಲ್ಲಿ ಕೂದಲೆಳೆಯಲ್ಲಿ ಪಾರಾದರು. ಸೆಪ್ಟೆಂಬರ್‌ನಲ್ಲಿ ದಿಲ್ಲಿಗೆ ಬಂದ ಗಾಂಧೀಜಿ ಓಖ್ಲಾಕ್ಕೆ ಹೋಗಿ ಅಲ್ಲಿದ್ದವರಿಗೆ ಧೈರ್ಯ ಹೇಳಿದರು. ಶಾಲೆ ಮಾತ್ರ ಉಳಿಯಿತು.

ಆಟವಾಡುತ್ತ, ಮಾಡುತ್ತ ಕಲಿಯುವುದು ನಮಗೂ ಹೊಸದಲ್ಲ. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಮೊಳೆತ 'ನಲಿ-ಕಲಿ'ಯನ್ನು ನಮ್ಮ ಸರಕಾರಿ ಶಾಲೆಗಳು ಬಲ್ಲವು. ನಮ್ಮ ಸಮುದಾಯದವರು ನಡೆಸುವ ಶಾಲೆಗಳೂ ಊರೂರಿಗೆ ಬಂದಿವೆ. ಕಟ್ಟಡಗಳು ಎದ್ದಿವೆ, ಸಮವಸ್ತ್ರ ಮಿಂಚುತ್ತಿದೆ, ವಾರ್ಷಿಕೋತ್ಸವಕ್ಕೆ ಸಾವಿರಾರು ರೂಪಾಯಿ ಖರ್ಚಾಗುತ್ತಿದೆ. ಆದರೆ ಆ ವೇದಿಕೆಯ ಮೇಲೆ ಮಗು ತನ್ನ ಕೈಯಿಂದ ಮಾಡಿದ್ದು ಏನಿದೆ? ಮೊದಲ ಕಲ್ಲಿಡುವ ಗೌರವವನ್ನು ನಾವು ಇನ್ನೂ ಹಣವಂತರಿಗೇ ಕೊಡುತ್ತಿದ್ದೇವಲ್ಲವೇ? ಜಾಮಿಯಾದ ಬಡ ಅಧ್ಯಾಪಕರು ಅದನ್ನು ಒಂದು ಮಗುವಿಗೆ ಕೊಟ್ಟರು. ಅದಕ್ಕೆ ಒಂದು ಪೈಸೆಯೂ ಖರ್ಚಾಗಿರಲಿಲ್ಲ.