ಮೂರು ಕೊಟೇಶನ್, ಒಂದು ಠರಾವು: ಬೀದರ್‌ಗೆ ಬಂದ ಡಾಲರ್ ಸಾಲದ ಕಾಗದಪತ್ರ

2001ರ ಡಿಸೆಂಬರ್‌ನಿಂದ 2006ರ ಡಿಸೆಂಬರ್‌ವರೆಗೆ, ಐದೇ ವರ್ಷದಲ್ಲಿ, ಬೀದರ್ ಜಿಲ್ಲೆಯನ್ನು ಒಳಗೊಂಡ ಮೂರು ದೊಡ್ಡ ವಿದೇಶಿ ಸಾಲಗಳಿಗೆ ಮಂಜೂರಾತಿ ಸಿಕ್ಕಿತು. ಮೂರೂ ನೀರಿನವೇ. ಮೊದಲನೆಯದು ವಿಶ್ವಬ್ಯಾಂಕಿನ ನೆರವಿನ 'ಜಲ ನಿರ್ಮಲ' ಯೋಜನೆ. ಉತ್ತರದ 11 ಜಿಲ್ಲೆಗಳ ಹಳ್ಳಿಗಳಿಗೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕಾಗಿ ಸುಮಾರು 15 ಕೋಟಿ ಡಾಲರ್. ಎರಡನೆಯದು 2002ರ ಏಪ್ರಿಲ್‌ನ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆ. ಅದೂ ವಿಶ್ವಬ್ಯಾಂಕಿನದೇ, ಸುಮಾರು 10 ಕೋಟಿ ಡಾಲರ್. ಮೊದಲ ಹಂತದ ಒಂಬತ್ತು ಜಿಲ್ಲೆಗಳಲ್ಲಿ ನಮ್ಮದೂ ಇತ್ತು. ಮೂರನೆಯದು ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2006ರಲ್ಲಿ ಒಪ್ಪಿದ 27 ಕೋಟಿ ಡಾಲರ್‌ಗಳ ಉತ್ತರ ಕರ್ನಾಟಕ ನಗರ ಯೋಜನೆ. ಅದರ 25 ಊರುಗಳ ಪಟ್ಟಿಯಲ್ಲಿ ಬೀದರ್ ನಗರ ಸೇರಿತ್ತು.

ಈ ಯೋಜನೆಗಳ ಬಗ್ಗೆ ಬರೆಯುವಾಗ ನಾವು ಪತ್ರಕರ್ತರು ಎರಡು ತುದಿ ಹಿಡಿಯುತ್ತೇವೆ. ಎಷ್ಟು ಕೋಟಿ ಬಂತು ಎನ್ನುವುದು ಒಂದು, ನಲ್ಲಿಯಲ್ಲಿ ನೀರು ಯಾಕೆ ಬರಲಿಲ್ಲ ಎನ್ನುವುದು ಇನ್ನೊಂದು. ನಡುವಿನದನ್ನು ಕೇಳುವುದೇ ಇಲ್ಲ. ಪೈಪು ಯಾರು ಕೊಂಡರು? ಯಾವ ನಿಯಮದ ಪ್ರಕಾರ ಕೊಂಡರು? ಠರಾವು ಯಾರ ಕೈಬರಹದಲ್ಲಿದೆ? ಸುದ್ದಿಮನೆಗೆ ಇದು ಒಣ ವಿಷಯ. ಆದರೆ ಔರಾದ್, ಭಾಲ್ಕಿ ಕಡೆಯ ಹಳ್ಳಿಗಳ ಮಟ್ಟಿಗೆ ಆ ಸಾಲಗಳ ಇತಿಹಾಸ ಇರುವುದು ಬಹುಪಾಲು ಇಲ್ಲಿಯೇ ಎಂದು ನಮಗನ್ನಿಸಿದೆ.

ಬೀದರ್‌ಗೆ ಕಾಗದದ ವ್ಯವಹಾರ ಹೊಸದಲ್ಲ. ಸಾಲಾರ್ ಜಂಗ್ ದಿವಾನನಾಗಿದ್ದಾಗ, 1860ರ ದಶಕದಲ್ಲಿ, ಹೈದರಾಬಾದ್ ಸಂಸ್ಥಾನಕ್ಕೆ ಜಿಲ್ಲಾಬಂದಿ ಬಂತು. ಅಲ್ಲಿಂದ ಇಲ್ಲಿ ದಫ್ತರಗಳು ತುಂಬತೊಡಗಿದವು. ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಊರಿನ ಕುಲಕರ್ಣಿಯ ಲೆಕ್ಕ ಬೇರೆ, ಮಾತನಾಡುವ ಭಾಷೆ ಬೇರೆ. 1956ರ ನವೆಂಬರ್ 1ಕ್ಕೆ ಜಿಲ್ಲೆಯೇ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ. ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಯ ಭಾಷೆ ಇನ್ನೊಮ್ಮೆ ಬದಲಾಯಿತು. ನೂರು ವರ್ಷದೊಳಗೆ ಮೂರು ಭಾಷೆ. ಇಂದಿಗೂ ಔರಾದ್ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಸಭೆ ನಡೆಯುವುದು ಮರಾಠಿಯಲ್ಲಿ, ಅಂಗಡಿ ಮಾತು ದಖನಿಯಲ್ಲಿ, ಠರಾವು ಬರೆಯುವುದು ಕನ್ನಡದಲ್ಲಿ. ಇದರ ಮೇಲೆ 2001ರಲ್ಲಿ ನಾಲ್ಕನೆಯದಾಗಿ ವಿಶ್ವಬ್ಯಾಂಕಿನ ಟೆಂಡರ್ ಇಂಗ್ಲಿಷ್ ಬಂದು ಕೂತಿತು.

ಹಣ ಬಂದ ದಾರಿ ತಿಳಿದರೆ ಆ ಕಾಗದದ ತೂಕ ತಿಳಿಯುತ್ತದೆ. ವಿಶ್ವಬ್ಯಾಂಕಿನವರು ಸೂಟ್‌ಕೇಸಿನಲ್ಲಿ ಹಣ ತಂದು ಬೀದರ್ ಜಿಲ್ಲಾ ಪಂಚಾಯಿತಿಗೆ ಒಪ್ಪಿಸಲಿಲ್ಲ. ಸಾಲ ಕೊಟ್ಟದ್ದು ಬ್ಯಾಂಕಿನ ಅಂಗವಾದ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘ, ಅಂದರೆ ಐಡಿಎ. ಪಡೆದದ್ದು ಭಾರತ ಸರ್ಕಾರ. ಆಗಿನ ಪದ್ಧತಿಯಲ್ಲಿ ಕೇಂದ್ರವು ರಾಜ್ಯಕ್ಕೆ ಅದನ್ನು ಹೆಚ್ಚುವರಿ ಕೇಂದ್ರ ನೆರವು ಎಂದು ರೂಪಾಯಿಯಲ್ಲಿ ಕೊಡುತ್ತಿತ್ತು. ಕರ್ನಾಟಕದಂಥ ರಾಜ್ಯಗಳಿಗೆ 100ಕ್ಕೆ 70 ಸಾಲ, 30 ಅನುದಾನ. 2005ರ ನಂತರದ ಹೊಸ ಸಾಲಗಳಿಗೆ ಈ ಪದ್ಧತಿ ಹೋಗಿ, ಬಂದ ಷರತ್ತಿನಲ್ಲೇ ಸಾಲವನ್ನು ರಾಜ್ಯಕ್ಕೆ ದಾಟಿಸುವುದು ಶುರುವಾಯಿತು. ರಾಜ್ಯ ಮೊದಲು ತನ್ನ ಬಜೆಟ್ಟಿನಿಂದ ಖರ್ಚು ಮಾಡಬೇಕು. ಖರ್ಚಿನ ತಃಖ್ತೆಗಳು ದೆಹಲಿಯಲ್ಲಿರುವ ವಿದೇಶಿ ನೆರವಿನ ಲೆಕ್ಕ ನಿಯಂತ್ರಕರ ಕಚೇರಿಗೆ ಹೋಗಬೇಕು. ಅಲ್ಲಿಂದ ಬ್ಯಾಂಕಿಗೆ ಬೇಡಿಕೆ. ಆಮೇಲೆ ಮರುಪಾವತಿ. ಹಳ್ಳಿಯೊಂದರ ವೋಚರ್ ಸರಿಯಿಲ್ಲವೆಂದು ಲೆಕ್ಕಪರಿಶೋಧಕ ಬರೆದರೆ ಆ ಖರ್ಚು 'ಅನರ್ಹ' ಆಗುತ್ತದೆ. ಕೆಲಸ ಆಗಿದ್ದರೂ ಸಾಲದ ಹಣ ಅದಕ್ಕೆ ಸಿಗುವುದಿಲ್ಲ, ರಾಜ್ಯವೇ ಹೊರಬೇಕು. ಹಾಗಾಗಿ ಯೋಜನೆಯ ಪ್ರತಿ ಅಧಿಕಾರಿಗೂ ಪೈಪಿನಷ್ಟೇ ಕಾಳಜಿ ರಶೀದಿಯ ಮೇಲೂ ಇತ್ತು.

ಇದನ್ನು ನಿಭಾಯಿಸಲು ಬೆಂಗಳೂರಿನಲ್ಲಿ ಬೇರೆ ಸಂಸ್ಥೆಗಳೇ ಹುಟ್ಟಿದವು. ಕುಡಿಯುವ ನೀರಿಗೆ ಗ್ರಾಮೀಣ ನೀರು ಸರಬರಾಜು ಮತ್ತು ನೈರ್ಮಲ್ಯ ಏಜೆನ್ಸಿ. ಕೆರೆಗಳಿಗೆ ಸೊಸೈಟಿಯಾಗಿ ನೋಂದಣಿಯಾದ ಜಲ ಸಂವರ್ಧನೆ ಯೋಜನಾ ಸಂಘ. ಜಿಲ್ಲೆಯಲ್ಲಿ ಅದರ ಘಟಕ, ಕೆಳಗೆ ಸ್ವಯಂಸೇವಾ ಸಂಸ್ಥೆಗಳ ತಂಡ, ತಳದಲ್ಲಿ ಊರಿನ ಸಮಿತಿ. ನಗರದ ಯೋಜನೆಯನ್ನು 1993ರಿಂದಲೇ ಇದ್ದ ನಗರ ಮೂಲಸೌಕರ್ಯ ಹಣಕಾಸು ನಿಗಮ ನೋಡಿಕೊಂಡಿತು. ಇಲಾಖೆ ಇದ್ದೂ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಒಂದೇ ಉತ್ತರ: ಖಜಾನೆಯ ಬಿಲ್ ದಾರಿ ಬಿಟ್ಟು ಹಣ ಬೇಗ ತಳಕ್ಕೆ ಇಳಿಯಬೇಕು, ಆದರೆ ಲೆಕ್ಕ ಮಾತ್ರ ಅಷ್ಟೇ ಬೇಗ ಮೇಲೆ ಹತ್ತಬೇಕು.

ಇನ್ನು ಖರೀದಿ. ಭಾರತ ವಿಶ್ವಬ್ಯಾಂಕಿನಿಂದ ಪಡೆದ ಮೊಟ್ಟಮೊದಲ ಸಾಲವೇ ಒಂದು ಖರೀದಿಯ ಕಥೆ. 1949ರಲ್ಲಿ ರೈಲ್ವೆ ಇಂಜಿನುಗಳಿಗಾಗಿ 3.4 ಕೋಟಿ ಡಾಲರ್. ಸಾಲದ ಹಣದಲ್ಲಿ ಯಾರಿಂದ ಕೊಳ್ಳಬೇಕು, ಹೇಗೆ ಕೊಳ್ಳಬೇಕು ಎನ್ನುವುದನ್ನು ಬ್ಯಾಂಕು ಅಂದಿನಿಂದ ಬಿಗಿಯಾಗಿ ಹಿಡಿದಿದೆ. ದೊಡ್ಡ ಮೊತ್ತಕ್ಕೆ ಅಂತಾರಾಷ್ಟ್ರೀಯ ಟೆಂಡರ್, ಮಧ್ಯಮಕ್ಕೆ ರಾಷ್ಟ್ರೀಯ ಟೆಂಡರ್, ಸಣ್ಣದಕ್ಕೆ ಮೂರು ಕೊಟೇಶನ್. ಮಿತಿ ಮೀರಿದ ಟೆಂಡರ್‌ಗಳಿಗೆ ಕರಾರು ಮಾಡುವ ಮುಂಚೆಯೇ ಬ್ಯಾಂಕಿನ 'ಅಭ್ಯಂತರವಿಲ್ಲ' ಪತ್ರ ಬೇಕು. ಉಳಿದವನ್ನು ಆಮೇಲೆ ಅಲ್ಲೊಂದು ಇಲ್ಲೊಂದು ಎತ್ತಿ ನೋಡುತ್ತಾರೆ.

ಇದೇ ಹೊತ್ತಿಗೆ ಕರ್ನಾಟಕ ತನ್ನದೇ ಪಾರದರ್ಶಕತೆ ಕಾಯ್ದೆ ತಂದಿತ್ತು. 1999ರ ಕಾಯ್ದೆ, 2000ದಿಂದ ಜಾರಿ. ಆದರೆ ಅಂತಾರಾಷ್ಟ್ರೀಯ ಹಣಕಾಸು ಸಂಸ್ಥೆಗಳ ಯೋಜನೆಗಳಲ್ಲಿ ಆ ಸಂಸ್ಥೆಗಳ ಖರೀದಿ ವಿಧಾನಕ್ಕೆ ಅದೇ ಕಾಯ್ದೆ ದಾರಿ ಬಿಟ್ಟಿದೆ. ಪರಿಣಾಮ ಏನಾಯಿತೆಂದರೆ, ಒಂದೇ ಜಿಲ್ಲೆಯಲ್ಲಿ, ಒಂದೇ ಇಂಜಿನಿಯರ್ ಮೇಜಿನ ಮೇಲೆ, ಎರಡು ರೀತಿಯ ಟೆಂಡರ್ ಕಡತ. ರಾಜ್ಯದ ಹಣದ ಕೆಲಸಕ್ಕೆ ಕಡಿಮೆ ಕೂಗಿದ ಗುತ್ತೇದಾರನನ್ನು ಕರೆದು ಇನ್ನಷ್ಟು ಇಳಿಸಿ ಎಂದು ಕೇಳುವುದು ಹಳೆಯ ರೂಢಿ. ವಿಶ್ವಬ್ಯಾಂಕ್ ಭಾರತದೊಂದಿಗೆ ಮಾಡಿಕೊಂಡ ರಾಷ್ಟ್ರೀಯ ಟೆಂಡರ್ ಷರತ್ತುಗಳಲ್ಲಿ ಅದು ನಿಷಿದ್ಧ. ಕಡಿಮೆ ಕೂಗಿದವನ ಜೊತೆಗೂ ಚೌಕಾಸಿ ಕೂಡದು. ಅಂದಾಜಿಗಿಂತ ಇಷ್ಟು ಶೇಕಡಾ ಹೆಚ್ಚಾಯಿತು ಎಂದಷ್ಟಕ್ಕೇ ಟೆಂಡರ್ ತಿರಸ್ಕರಿಸುವ ಹಾಗೂ ಇಲ್ಲ. ಮೊದಲು ಕೇಳಿದಾಗ ನಮಗೂ ಇದು ತಲೆಕೆಳಗು ಅನ್ನಿಸಿತು. ಚೌಕಾಸಿ ಮಾಡಿದರೆ ಸರ್ಕಾರದ ಹಣ ಉಳಿಯುವುದಿಲ್ಲವೇ? ಆದರೆ ಮುಚ್ಚಿದ ಕೋಣೆಯ ಚೌಕಾಸಿ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು ನಮ್ಮ ಕಡೆಯ ಗುತ್ತೇದಾರರಿಗೆ ಚೆನ್ನಾಗಿ ಗೊತ್ತು. ಈ ಒಂದು ವಿಷಯದಲ್ಲಿ ಹೊರಗಿನವರ ನಿಯಮ ಮೇಲು ಎಂದೇ ನಮ್ಮ ಅಭಿಪ್ರಾಯ.

ಹಳ್ಳಿಯ ಮಟ್ಟದಲ್ಲಿ ಕಥೆ ಬೇರೆ. ಎರಡೂ ಗ್ರಾಮೀಣ ಯೋಜನೆಗಳ ಮಾತು 'ಸಮುದಾಯವೇ ಮಾಲೀಕ' ಎಂಬುದಾಗಿತ್ತು. ಕುಡಿಯುವ ನೀರಿಗೆ ಗ್ರಾಮ ಪಂಚಾಯಿತಿಯ ಅಡಿ ನೀರು ಮತ್ತು ನೈರ್ಮಲ್ಯ ಸಮಿತಿ. ಕೆರೆಗೆ ಬಳಕೆದಾರರ ಸಂಘ. ಜನ ತಮ್ಮ ಪಾಲಿನ ವಂತಿಗೆ ಕಟ್ಟಬೇಕು, ಕೆರೆಯಲ್ಲಾದರೆ ದುಡಿಮೆಯನ್ನೂ ಕೊಡಬೇಕು. ಬ್ಯಾಂಕಿನ ಖರೀದಿ ಮಾರ್ಗಸೂಚಿಯಲ್ಲೇ ಸಮುದಾಯದ ಪಾಲ್ಗೊಳ್ಳುವಿಕೆಗೆ ಒಂದು ಕಂಡಿಕೆ ಇತ್ತು. ಊರವರೇ ಸಿಮೆಂಟು, ಕಲ್ಲು, ಮಣ್ಣಿನ ಕೆಲಸ ಮಾಡಿಸಬಹುದು, ಸಣ್ಣ ಸಾಮಾನು ತಾವೇ ಕೊಳ್ಳಬಹುದು. ಕೇಳಲು ಚೆಂದ. ಮಾಡಲು ಕೂತರೆ ಬೇಕಾದವು ಇವು: ಸಭೆಯ ನೋಟೀಸು, ಹಾಜರಿ, ಠರಾವು, ಮೂರು ಕೊಟೇಶನ್, ತುಲನಾ ಪಟ್ಟಿ, ಖರೀದಿ ಆದೇಶ, ದಾಸ್ತಾನು ವಹಿ, ಇಂಜಿನಿಯರ್ ಬರೆದ ಅಳತೆ ಪುಸ್ತಕ, ವೋಚರ್, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕಿನ ತಾಳೆ, ಬಳಕೆ ಪ್ರಮಾಣಪತ್ರ. ಅಧ್ಯಕ್ಷರ ದಸ್ಕತ್ತು ಒಂದೆಡೆ ತಪ್ಪಿದರೆ ಮುಂದಿನ ಕಂತು ನಿಲ್ಲುತ್ತದೆ.

ಮೂರು ಕೊಟೇಶನ್ ಎಂಬ ಸರಳ ಮಾತನ್ನೇ ಔರಾದ್‌ನ ಒಂದು ಹಳ್ಳಿಗೆ ಇಟ್ಟು ನೋಡಿ. ತಾಲ್ಲೂಕು ಕೇಂದ್ರದಲ್ಲಿ ಬೇಕಾದ ಅಳತೆಯ ಪೈಪು ಮಾರುವ ಅಂಗಡಿ ಎಷ್ಟಿರಬಹುದು? ಬೀದರ್‌ಗೆ ಬರಬೇಕು. ಇಲ್ಲವೆ ಹತ್ತಿರದ ಪೇಟೆ ಗಡಿಯಾಚೆಯ ದೇಗಲೂರು. ಕಮಲನಗರ ಕಡೆಯವರಿಗೆ, ಭಾಲ್ಕಿಯ ಗಡಿ ಊರುಗಳಿಗೆ ಉದಗೀರ. ಅಲ್ಲಿಂದ ತಂದರೆ ಅಂತರರಾಜ್ಯ ಮಾರಾಟ. ಜಿಎಸ್‌ಟಿ ಇಲ್ಲದ ಕಾಲ. ನೋಂದಾಯಿತ ವ್ಯಾಪಾರಿಗೆ 'ಸಿ' ಫಾರಂ ಕೊಟ್ಟರೆ ಕೇಂದ್ರ ಮಾರಾಟ ತೆರಿಗೆ ಕಡಿಮೆ, ಊರಿನ ಸಮಿತಿ ಅದನ್ನು ಎಲ್ಲಿಂದ ಕೊಡಬೇಕು? 50 ವರ್ಷದ ಹಿಂದೆ ಒಂದೇ ಜಿಲ್ಲೆಯಾಗಿದ್ದ ಉದಗೀರ, ಖರೀದಿ ಕಡತದಲ್ಲಿ ಪರರಾಜ್ಯ. ಹೀಗಾಗಿ ಮೂರನೆಯ ಕೊಟೇಶನ್ ಹುಟ್ಟುವ ಬಗೆ ಎಲ್ಲರಿಗೂ ಗೊತ್ತಿರುವುದೇ. ಒಬ್ಬ ಅಂಗಡಿಯವನೇ ತನ್ನ ಗೆಳೆಯರ ಎರಡು ಲೆಟರ್‌ಹೆಡ್ ತಂದುಕೊಡುತ್ತಾನೆ. ಇದು ಬೀದರ್‌ನ ವಿಶೇಷವಲ್ಲ, ಮೂರು ಕೊಟೇಶನ್ ಕೇಳುವ ಎಲ್ಲ ಸಣ್ಣ ಪೇಟೆಗಳಲ್ಲೂ ಲೆಕ್ಕಪರಿಶೋಧಕರು ಕಂಡದ್ದೇ. ಪೇಟೆ ಇದೆ ಎಂದು ಊಹಿಸಿಕೊಂಡ ನಿಯಮ, ಪೇಟೆ ಇಲ್ಲದ ಕಡೆ ಸುಳ್ಳು ಹೇಳಿಸುತ್ತದೆ. ಅಂಥ ಕಡತದಲ್ಲಿ ಕಳ್ಳನೂ ಒಂದೇ, ಬೇರೆ ದಾರಿ ಕಾಣದ ಸಮಿತಿಯ ಕಾರ್ಯದರ್ಶಿಯೂ ಒಂದೇ.

ಈ ಕಾಗದವನ್ನೆಲ್ಲ ಬರೆದವರು ಯಾರು? ನೆರವು ಸಂಸ್ಥೆಯ ಹುಡುಗ ಹುಡುಗಿಯರು. ನಮ್ಮ ಹಾಗೆ ಪದವಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ವಯಸ್ಸಿನವರು. ಹಳ್ಳಿ ಸುತ್ತಿ ಸಭೆ ಸೇರಿಸುವುದು, ಊರಿನ ನಕ್ಷೆ ಬಿಡಿಸುವುದು, ಕೆರೆಯ ಸಮಗ್ರ ಯೋಜನೆ ಬರೆಯುವುದು, ನಗದು ಪುಸ್ತಕ ಕಲಿಸುವುದು ಅವರ ಪಾಲು. ಅವರ ಸಂಸ್ಥೆಯೂ ಟೆಂಡರ್ ಮೂಲಕವೇ ಆಯ್ಕೆಯಾದದ್ದು. ಬ್ಯಾಂಕಿನ ಭಾಷೆಯಲ್ಲಿ ಅದು ಸಲಹಾ ಸೇವೆ, ಅವಧಿ ಕರಾರಿನಲ್ಲಿ ನಮೂದಾದಷ್ಟು. ವಾಸ್ತವದಲ್ಲಿ ಇಡೀ ಆಡಳಿತ ನಿಂತಿದ್ದು ಈ ಬಾಡಿಗೆಯ ಕೈಬರಹದ ಮೇಲೆ. ಕರಾರು ಮುಗಿದ ದಿನ ಬೈಕು ಹತ್ತಿ ಅವರು ಇನ್ನೊಂದು ಯೋಜನೆಗೆ ಹೋದರು. ಸಮಿತಿಗೆ ಉಳಿದದ್ದು ಮೋಟಾರು, ಟ್ಯಾಂಕು, ಕರೆಂಟ್ ಬಿಲ್ಲು, ಮತ್ತು ಯಾರೂ ಮುಂದುವರಿಸದ ನಗದು ಪುಸ್ತಕ. ಕೆರೆ ಯೋಜನೆ 2012ರ ಜನವರಿಗೆ ಮುಗಿಯಿತು. ಜಲ ನಿರ್ಮಲಕ್ಕೆ 2010ರಲ್ಲಿ ಇನ್ನೂ 15 ಕೋಟಿ ಡಾಲರ್ ಸಿಕ್ಕಿ ಅದು ಕೆಲ ವರ್ಷ ಮುಂದುವರಿಯಿತು.

ಕೆರೆ ಯೋಜನೆಯ ಬಗ್ಗೆ ಇನ್ನೊಂದು ಮಾತು. ಅದರ ಕಲ್ಪನೆ ಮೂಡಿದ್ದು ಕೋಲಾರ, ತುಮಕೂರಿನಂಥ ಕೆರೆ ಸೀಮೆಗೆ ಹೊಂದುವಂತೆ. ಬೀದರ್ ಬಾವಿಯ ಸೀಮೆ. ನಗರ ಕೂತಿರುವುದು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ. ಬಹಮನಿ ಕಾಲದವರು ಅದೇ ಕಲ್ಲಿನೊಳಗೆ ನೌಬಾದ್‌ನ ಕರೇಜ್ ಕೊರೆದು ನೀರು ಹರಿಸಿದರು. ಔರಾದ್ ಕಡೆ ಎರೆ ಭೂಮಿ, ಕೆಳಗೆ ಕರಿಕಲ್ಲು. ಭಾಲ್ಕಿಗೆ ಮಾಂಜ್ರಾ ಇದೆ, ಬ್ಯಾಲಹಳ್ಳಿಯ ಹತ್ತಿರ ಕಾರಂಜಾ ಜಲಾಶಯವಿದೆ. ಆಯಕಟ್ಟಿನ ರೈತರ ಸಂಘ ಎಂಬುದು ಹಳೆಯ ನೀರುಗಂಟಿ ಪದ್ಧತಿ ಇದ್ದ ಕಡೆ ಬೇಗ ಬೇರು ಬಿಡುತ್ತದೆ. ನಮ್ಮಲ್ಲಿ ಅದನ್ನು ನಮೂನೆ ತುಂಬಿ ಹುಟ್ಟಿಸಬೇಕಾಯಿತು.

ನಗರದ ಕಥೆ ಚಿಕ್ಕದು, ಏಕೆಂದರೆ ಅಲ್ಲಿ ಸಮುದಾಯದ ಮಾತೇ ಕಡಿಮೆ. ಒಳಚರಂಡಿ ದೊಡ್ಡ ಪ್ಯಾಕೇಜ್. ಟೆಂಡರ್ ಬೆಂಗಳೂರಿನ ನಿಗಮದ ಮಟ್ಟದಲ್ಲಿ, ಮೇಲ್ವಿಚಾರಣೆಗೆ ಸಲಹಾ ಕಂಪನಿ, ಆಗಿನ ನಗರಸಭೆಯ ಕೈಗೆ ಕೊನೆಯಲ್ಲಿ ಹಸ್ತಾಂತರ. ಭಾಲ್ಕಿಯ ಹಳ್ಳಿಯವನಿಗೆ ತನ್ನ ಪೈಪಿನ ಬೆಲೆ ಕೇಳಲು ಕೊನೆಗೆ ಪಂಚಾಯಿತಿಯಾದರೂ ಇತ್ತು. ಬೀದರ್‌ನ ಓಣಿಯವನಿಗೆ ಅಗೆದ ರಸ್ತೆಯ ಬಗ್ಗೆ ಕೇಳಲು ಎದುರಿಗೆ ಸಿಗುತ್ತಿದ್ದುದು ಕರಾರಿಗೆ ದಸ್ಕತ್ತು ಹಾಕದ ನಗರಸಭಾ ಸದಸ್ಯ.

ಸಾಲ ಇನ್ನೂ ತೀರಿಲ್ಲ. ಆ ಕಾಲದ ಐಡಿಎ ಸಾಲಕ್ಕೆ ಬಡ್ಡಿ ಇರಲಿಲ್ಲ, ಶೇ. 0.75 ಸೇವಾ ಶುಲ್ಕ ಮಾತ್ರ. ಅವಧಿ 35 ವರ್ಷ, ಮೊದಲ ಹತ್ತು ವರ್ಷ ಅಸಲು ಕೇಳುವುದಿಲ್ಲ. ಆ ಲೆಕ್ಕದಲ್ಲಿ 2001ರ ಡಿಸೆಂಬರ್‌ನ ಸಾಲ ದೇಶದ ಖಾತೆಯಿಂದ ಪೂರ್ತಿ ಇಳಿಯುವುದು 2036ರ ಹೊತ್ತಿಗೆ. ಅಂದು ಹಾಕಿದ ಪೈಪುಗಳಲ್ಲಿ ಎಷ್ಟು ಆವರೆಗೆ ಬಾಳುತ್ತವೆ ಎಂದು ಊರಿನ ನೀರುಗಂಟಿಯನ್ನು ಕೇಳಿದರೆ ಸಾಕು.

2023ರಲ್ಲಿ ವಿಶ್ವಬ್ಯಾಂಕ್ ಕರ್ನಾಟಕದ ಗ್ರಾಮೀಣ ನೀರಿಗೆ ಮತ್ತೆ 36.3 ಕೋಟಿ ಡಾಲರ್ ಒಪ್ಪಿದೆ. ಈ ಸಲ ವಿಧಾನ ಬದಲಾಗಿದೆ. ವೋಚರ್ ನೋಡಿ ಹಣ ಕೊಡುವುದಿಲ್ಲ, ಮೊದಲೇ ಒಪ್ಪಿದ ಫಲಿತಾಂಶ ನೋಡಿ ಕೊಡುತ್ತದೆ. ಖರೀದಿ ಬಹುಪಾಲು ರಾಜ್ಯದ ಸ್ವಂತ ನಿಯಮದಲ್ಲಿ, ಇ-ಪ್ರೊಕ್ಯೂರ್‌ಮೆಂಟ್ ಮೂಲಕ. ಚೌಕಾಸಿ ನಿಷೇಧ, ಮುಂಚಿತ ಪರಿಶೀಲನೆ, ಎರಡು ಬಗೆಯ ಕಡತ, ಇವೆಲ್ಲ ಹಿಂದೆ ಸರಿದವು. ದೆಹಲಿಯ ಕಚೇರಿ ಕೇಳುತ್ತಿದ್ದ ಪ್ರಶ್ನೆಗಳನ್ನು ಈಗ ಕೇಳಬೇಕಾದವರು ಗ್ರಾಮಸಭೆಯಲ್ಲಿ ಕೂತವರು. ಅದಕ್ಕೆ ಹಳೆಯ ಕಡತ ಬೇಕು: ಹಿಂದಿನ ಕೊಳವೆಬಾವಿ ಎಷ್ಟು ಅಡಿ, ಪೈಪು ಯಾವ ದರ್ಜೆ, ವಂತಿಗೆ ಯಾರು ಕಟ್ಟಿದರು, ಮಿಕ್ಕ ಹಣ ಯಾವ ಖಾತೆಯಲ್ಲಿದೆ.

ನಾವು ಕೆಲವರು ಭಾಲ್ಕಿ ಮತ್ತು ಔರಾದ್‌ನ ಪಂಚಾಯಿತಿಗಳಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲು ಹೊರಟಿದ್ದೇವೆ. ಕೇಳುವುದು ಮೂರೇ: ನೀರು ಸಮಿತಿಯ ನಡಾವಳಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ವಹಿ. ನಿಮ್ಮೂರಿನ ಬೀರುವಿನಲ್ಲಿ ಅವು ಇದ್ದರೆ ಗೆದ್ದಲು ಹತ್ತುವ ಮುಂಚೆ ಒಂದೊಂದು ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.